ಕಂಡಕ್ಟರಮ್ಮನ ಮೂರನೇ ಪರೀಕ್ಷೆ

2025ರ ಬೇಸಿಗೆಯ ಹೊತ್ತಿಗೆ ನಾನು ಹಾಸನದಲ್ಲಿ ವಕೀಲಿ ಆರಂಭಿಸಿ ಮೂರು ದಶಕ ದಾಟಿತ್ತು. ಜಿಲ್ಲಾ ನ್ಯಾಯಾಲಯದ ಹಿಂದಿನ ಗಲ್ಲಿಯಲ್ಲಿ, ಒಂದು ಝೆರಾಕ್ಸ್ ಅಂಗಡಿಯ ಮೇಲಿನ ಮಹಡಿಯಲ್ಲಿ ನನ್ನ ಆಫೀಸು. ಸಿವಿಲ್ ದಾವೆಗಳೇ ಹೆಚ್ಚು. ಜೊತೆಗೆ ಹೊಳೆನರಸೀಪುರ, ಅರಕಲಗೂಡು ಕೋರ್ಟುಗಳಲ್ಲಿ ಕೆಲವು ಕೌಟುಂಬಿಕ ಪ್ರಕರಣಗಳು. ಆ ವರ್ಷ ನನ್ನ ಬಳಿ ಇದ್ದ ಜೂನಿಯರ್ ಒಬ್ಬರೇ. ಅವರನ್ನು ಇಲ್ಲಿ ಮಂಜುಳಾ ಎಂದು ಕರೆಯುತ್ತೇನೆ. ಅವರ ಹೆಸರನ್ನೂ ಅವರ ಕಕ್ಷಿದಾರಳ ಹೆಸರನ್ನೂ ಬದಲಿಸಿದ್ದೇನೆ. ಬರೆಯಲು ಇಬ್ಬರೂ ಒಪ್ಪಿದ್ದಾರೆ.

ಮಂಜುಳಾ ವಕೀಲರಾಗುವ ಮೊದಲು ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದರು. ಊರು ಹೊಳೆನರಸೀಪುರ. ಅರಕಲಗೂಡು ದಾಟಿ ರಾಮನಾಥಪುರಕ್ಕೆ ಹೋಗಿಬರುವ ಬಸ್ಸಿನಲ್ಲಿ ಅವರ ಬಹುಪಾಲು ಡ್ಯೂಟಿ. ಕೋರ್ಟಿಗೆ ಹೋಗಿಬರುವ ಹೆಂಗಸರು ಟಿಕೆಟ್ ತೆಗೆದುಕೊಳ್ಳುತ್ತಲೇ ‘ಇವತ್ತೂ ಮುಂದಕ್ಕೆ ಆಕ್ಬುಟ್ರು ಕಣವ್ವಾ’ ಎನ್ನುತ್ತಿದ್ದರಂತೆ. ಏಕೆ ಮುಂದಕ್ಕೆ ಹೋಯಿತು, ಮುಂದಿನ ಸಲ ಏನು ಮಾಡಬೇಕು ಎಂದು ಆ ಹೆಂಗಸರಿಗೆ ಯಾರೂ ಹೇಳಿರುತ್ತಿರಲಿಲ್ಲ. ಅದನ್ನು ಕೇಳಿ ಕೇಳಿ, ಬೆಳಗಿನ ಪಾಳಿ ಹಾಕಿಸಿಕೊಂಡು, ಸಂಜೆಯ ಕಾಲೇಜಿನಲ್ಲಿ ಕಾನೂನು ಓದಿದರು. ಸಂಬಳದ ನೌಕರಿಯಲ್ಲಿರುವವರು ವಕೀಲರಾಗಿ ನೋಂದಾಯಿಸಿಕೊಳ್ಳುವಂತಿಲ್ಲ. ಆದ್ದರಿಂದ ರಾಜೀನಾಮೆ ಕೊಟ್ಟೇ ಕರಿಕೋಟು ಹಾಕಬೇಕಾಯಿತು. ಗಂಡ ಶಿವಣ್ಣ ಗೊರೂರು ಅಣೆಕಟ್ಟೆಯಲ್ಲಿ ಗೇಟ್ ಎತ್ತಿ ಇಳಿಸುವ ಕೆಲಸದವರು. ಸಂಸಾರ ಅಲ್ಲಿನ ನೀರಾವರಿ ಕ್ವಾರ್ಟರ್ಸಿನಲ್ಲಿ.

ಕರಿಕೋಟು ಹಾಕಿದ ಕೂಡಲೇ ಎಲ್ಲ ಮುಗಿಯುವುದಿಲ್ಲ ಎಂಬುದು ಹೊರಗಿನವರಿಗೆ ಅಷ್ಟಾಗಿ ಗೊತ್ತಿಲ್ಲ. ಮೊದಲ ನೋಂದಣಿ ತಾತ್ಕಾಲಿಕ. ಎರಡು ವರ್ಷದೊಳಗೆ ಅಖಿಲ ಭಾರತ ಮಟ್ಟದ ಬಾರ್ ಪರೀಕ್ಷೆ ಪಾಸು ಮಾಡದಿದ್ದರೆ, ಪಾಸಾಗುವವರೆಗೆ ಕೋರ್ಟಿನಲ್ಲಿ ವಾದಿಸುವಂತಿಲ್ಲ. ನೂರು ಪ್ರಶ್ನೆ, ಪ್ರತಿಯೊಂದಕ್ಕೂ ನಾಲ್ಕು ಉತ್ತರ. ಸರಿಯಾದದ್ದರ ವೃತ್ತವನ್ನು ಓಎಂಆರ್ ಹಾಳೆಯಲ್ಲಿ ಪೆನ್ನಿನಿಂದ ತುಂಬಬೇಕು. ಸಮಯ ಮೂರೂವರೆ ಗಂಟೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ನೂರಕ್ಕೆ ನಲವತ್ತೈದು ಬಂದರೆ ಪಾಸು. ಮೇಲಾಗಿ ಬೇರ್ ಆ್ಯಕ್ಟ್, ಅಂದರೆ ಟಿಪ್ಪಣಿಯಾಗಲಿ ವ್ಯಾಖ್ಯಾನವಾಗಲಿ ಇಲ್ಲದ ಬರೀ ಕಾಯ್ದೆಯ ಪುಸ್ತಕ, ಜೊತೆಗೆ ಒಯ್ಯಬಹುದು. ಕೇಳಿದವರಿಗೆ ಇದರಲ್ಲಿ ಫೇಲಾಗುವುದಾದರೂ ಹೇಗೆ ಎನ್ನಿಸುತ್ತದೆ. ಅನೇಕರು ಫೇಲಾಗುವುದು ಹಾಗೆ ಅನ್ನಿಸುವುದರಿಂದಲೇ.

ನನ್ನ ಆಫೀಸಿಗೆ ಬಂದು ಹೋದ ಪದವೀಧರರಲ್ಲಿ ನಾನು ಇದನ್ನು ಕಂಡಿದ್ದೇನೆ. ಪುಸ್ತಕ ಕೈಯಲ್ಲಿರುತ್ತದಲ್ಲ ಎಂದು ಓದದೆ ಹೋದವನಿಗೆ ಯಾವ ಪುಸ್ತಕ ತೆರೆಯಬೇಕು ಎಂಬುದೇ ತಿಳಿಯಲಿಲ್ಲ. ಇನ್ನೊಬ್ಬ ಕ್ರಿಮಿನಲ್, ಸಿವಿಲ್ ಕಾನೂನುಗಳನ್ನು ಅರೆದು ಕುಡಿದಿದ್ದ. ಪರಿಸರ, ತೆರಿಗೆ, ಕಾರ್ಮಿಕ ಕಾನೂನು, ವೃತ್ತಿನೀತಿಯ ಪ್ರಶ್ನೆಗಳೂ ಬರುತ್ತವೆ ಎಂಬುದನ್ನು ಹಾಲ್‌ನಲ್ಲೇ ಕಂಡುಕೊಂಡ. ಪ್ರಶ್ನೆಪತ್ರಿಕೆಯ ಸೆಟ್ ಸಂಕೇತ ತುಂಬಲು ಮರೆತು ಇಡೀ ಉತ್ತರದ ಹಾಳೆಯನ್ನೇ ಕೆಡಿಸಿಕೊಂಡ ಹುಡುಗಿಯೂ ಇದ್ದಳು.

ಮಂಜುಳಾ ಈ ಯಾವ ಗುಂಪಿಗೂ ಸೇರಿರಲಿಲ್ಲ. ಆದರೂ ಎರಡು ಸಲ ಫೇಲಾಗಿದ್ದರು. ಮೊದಲ ಸಲ ಯಾರದೋ ಮಾತು ಕೇಳಿ ಇಂಗ್ಲಿಷ್ ಮಾಧ್ಯಮ ಆರಿಸಿಕೊಂಡಿದ್ದರು. ಉದ್ದುದ್ದ ಪ್ರಶ್ನೆಗಳನ್ನು ಓದುವುದರಲ್ಲೇ ಸಮಯ ಹೋಯಿತು ಎಂದರು. ಅದು ನಿಜವಿರಬಹುದು ಎಂದುಕೊಂಡೆವು. ಎರಡನೇ ಸಲದ ಹೊತ್ತಿಗೆ ಹಳೆಯ ಕ್ರಿಮಿನಲ್ ಕಾನೂನುಗಳು ಹೋಗಿ ಹೊಸ ಸಂಹಿತೆಗಳು ಬಂದಿದ್ದವು. ಕನ್ನಡ ಮಾಧ್ಯಮ ಆರಿಸಿಕೊಂಡರು. ಒಮ್ಮೆ ತೀರ್ಮಾನವಾದ ವಿವಾದವನ್ನು ಮತ್ತೆ ಎತ್ತುವಂತಿಲ್ಲ ಎಂಬ ನಿಯಮವನ್ನು ‘ರೆಸ್ ಜುಡಿಕೇಟಾ’ ಎಂದೇ ದಿನವೂ ಕೋರ್ಟಿನಲ್ಲಿ ಕೇಳುವವರಿಗೆ ಪ್ರಶ್ನೆಪತ್ರಿಕೆಯಲ್ಲಿ ‘ಪೂರ್ವನ್ಯಾಯ’ ಎಂದು ಕಂಡಾಗ ಒಂದು ಗಳಿಗೆ ತಬ್ಬಿಬ್ಬಾಗುತ್ತದೆ. ಅದೂ ಕಾರಣವಿರಬಹುದು ಎಂದುಕೊಂಡೆವು. ಎರಡೂ ಸಲ ಕೆಲವೇ ಅಂಕಗಳಿಂದ ತಪ್ಪಿತ್ತು. ಎರಡನೇ ಫಲಿತಾಂಶ ಬಂದ ಮೇಲೆ ಆಕೆ ಆಫೀಸಿನಲ್ಲಿ ಮಾತು ಕಡಿಮೆ ಮಾಡಿದರು. ಎರಡು ವರ್ಷದ ಗಡುವು ಹತ್ತಿರ ಬರುತ್ತಿತ್ತು. ಮುಂದಿನ ಪರೀಕ್ಷೆ ಇದ್ದದ್ದು ವರ್ಷದ ಕೊನೆಗೆ.

ಅದೇ ಹೊತ್ತಿನಲ್ಲಿ ಅರಕಲಗೂಡು ಕೋರ್ಟಿನಲ್ಲಿ ಸಾಕಮ್ಮನವರ ಪ್ರಕರಣ ನಡೆಯುತ್ತಿತ್ತು. ರಾಮನಾಥಪುರದ ಹತ್ತಿರದ ಹೆಂಗಸು; ನಲವತ್ತು ದಾಟಿದ ವಯಸ್ಸು. ಗಂಡ ಹೊಗೆಸೊಪ್ಪು ಬೆಳೆದು ಹರಾಜಿಗೆ ಹಾಕುವವನು, ಊರಿನಲ್ಲಿ ನಾಲ್ಕು ಜನ ಮಾತು ಕೇಳುವ ಕುಳ. ಹೊಡೆದು ಮನೆಯಿಂದ ಹೊರಗೆ ಹಾಕಿದ್ದ. ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ರಕ್ಷಣೆ, ವಾಸದ ಹಕ್ಕು, ಜೀವನಾಂಶ ಕೇಳಿ ಅರ್ಜಿ ಹಾಕಿದ್ದೆವು. ಸಾಕಮ್ಮ ನನ್ನನ್ನು ಹುಡುಕಿಕೊಂಡು ಬಂದವರಲ್ಲ. ಬಸ್ಸಿನಲ್ಲಿ ಕಂಡಿದ್ದ ಕಂಡಕ್ಟರಮ್ಮನನ್ನು ಹುಡುಕಿಕೊಂಡು ಬಂದವರು. ವಕಾಲತ್ತು ನನ್ನ ಹೆಸರಿನಲ್ಲಿದ್ದರೂ ಅರ್ಜಿಯ ಪ್ರತಿ ಸಾಲನ್ನೂ ಮಂಜುಳಾ ಅವರ ಪಕ್ಕ ಕುಳಿತು ಕೇಳಿ ಬರೆದಿದ್ದರು.

ಗಡುವು ಮುಗಿದು ಇನ್ನೂ ವಾರ ಆಗಿರಲಿಲ್ಲ. ಸಾಕಮ್ಮನ ಪ್ರಕರಣ ಬಂದ ಆ ದಿನ ನಾನು ಹಾಸನದಲ್ಲಿ ಒಂದು ಸಾಕ್ಷಿ ವಿಚಾರಣೆಯಲ್ಲಿ ಸಿಕ್ಕಿಕೊಂಡಿದ್ದೆ. ನಾನು ಬರುವವರೆಗೆ ಪ್ರಕರಣವನ್ನು ತಡೆದಿಡುವಂತೆ ಕೋರ್ಟನ್ನು ಕೇಳಿಕೊಳ್ಳಲು ಮಾತ್ರ ಮಂಜುಳಾ ಅರಕಲಗೂಡಿಗೆ ಹೋಗಿದ್ದರು. ನಾನು ಏದುಸಿರು ಬಿಡುತ್ತಾ ಕೋರ್ಟ್ ಹಾಲಿನ ಬಾಗಿಲಿಗೆ ಬಂದಾಗ ಎದುರು ಪಕ್ಷದ ವಕೀಲರು ಎದ್ದು ನಿಂತಿದ್ದರು.

“ಸ್ವಾಮಿ, ಇವರ ಎರಡು ವರ್ಷದ ಅವಧಿ ಮುಗಿದಿದೆ. ಬಾರ್ ಪರೀಕ್ಷೆ ಪಾಸಾಗಿಲ್ಲ. ಇವರು ಯಾವ ಅಧಿಕಾರದಲ್ಲಿ ಈ ಕೋರ್ಟಿನ ಮುಂದೆ ನಿಂತಿದ್ದಾರೆ ಎಂಬುದು ದಾಖಲಾಗಲಿ.”

ಕಾನೂನಿನ ಪ್ರಕಾರ ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಮ್ಯಾಜಿಸ್ಟ್ರೇಟರು ಮೆಲ್ಲಗೆ, “ನೀವು ಕುಳಿತುಕೊಳ್ಳಿ. ನಿಮ್ಮ ಸೀನಿಯರ್ ಬರಲಿ,” ಎಂದರು. ಮಂಜುಳಾ ಕುಳಿತುಕೊಳ್ಳಲಿಲ್ಲ. ಕೊರಳಿನ ಬಿಳಿ ಪಟ್ಟಿ ಬಿಚ್ಚಿ ಚೀಲಕ್ಕೆ ಹಾಕಿಕೊಂಡು, ನನ್ನ ಪಕ್ಕದಿಂದಲೇ, ನನ್ನನ್ನು ನೋಡದೆ ಹೊರಗೆ ಹೋದರು. ಹಿಂದಿನ ಬೆಂಚಿನಲ್ಲಿದ್ದ ಸಾಕಮ್ಮ ಅವರನ್ನೇ ನೋಡುತ್ತಾ ಅರ್ಧ ಎದ್ದು ನಿಂತಿದ್ದರು. ಮುಂದಿನ ದಿನಾಂಕ ಪಡೆದು ನಾನು ಹೊರಗೆ ಬರುವಷ್ಟರಲ್ಲಿ ಮಂಜುಳಾ ಯಾವುದೋ ಬಸ್ಸು ಹತ್ತಿಯಾಗಿತ್ತು.

ಮರುದಿನ ಅವರು ಆಫೀಸಿಗೆ ಬರಲಿಲ್ಲ. ಆ ವಾರವೂ ಬರಲಿಲ್ಲ. ಫೋನು ತೆಗೆಯಲಿಲ್ಲ. ಶಿವಣ್ಣನಿಗೆ ಮಾಡಿದರೆ, “ಮನೇಲವ್ಳೆ ಸಾ. ಮಾತಾಡಕಿಲ್ಲ ಅಂತಾಳೆ,” ಎಂದರು. ನನಗೆ ನಿಜವಾಗಿ ಭಯ ಹತ್ತಿತು. ಸಾಕಮ್ಮನ ಪಾಟೀಸವಾಲು, ಅಂದರೆ ಎದುರು ವಕೀಲರು ಆಕೆಯನ್ನು ಪ್ರಶ್ನಿಸುವ ಹಂತ, ಹತ್ತಿರದಲ್ಲಿತ್ತು. ಆಕೆ ನನ್ನ ಮುಂದೆ ಹೌದು, ಇಲ್ಲ ಬಿಟ್ಟು ಬೇರೆ ಮಾತಾಡಿದವರಲ್ಲ. ಇತ್ತ ಮಂಜುಳಾ ಪರೀಕ್ಷೆಯ ಅರ್ಜಿಯನ್ನೂ ತುಂಬಿರಲಿಲ್ಲ.

ಒಂದು ಮಧ್ಯಾಹ್ನ ಸಾಕಮ್ಮನೇ ಆಫೀಸಿನ ಮೆಟ್ಟಿಲು ಹತ್ತಿ ಬಂದರು.

“ಕಂಡಕ್ಟರಮ್ಮ ಎಲ್ಲಿ ಸಾ?”

ಬರುತ್ತಿಲ್ಲ, ಗೊರೂರಿನಲ್ಲಿದ್ದಾರೆ ಎಂದೆ. “ಅಂಗಾರೆ ನಡೀರಿ, ಓಗಾನ,” ಎಂದು ಅವರು ಮತ್ತೆ ಮೆಟ್ಟಿಲ ಕಡೆ ತಿರುಗಿದರು. ಹಾಸನದ ನಿಲ್ದಾಣದಿಂದ ಇಬ್ಬರೂ ಗೊರೂರಿನ ಬಸ್ಸು ಹತ್ತಿದೆವು.

ಕ್ವಾರ್ಟರ್ಸಿನ ಬಾಗಿಲು ತೆರೆದದ್ದು ಶಿವಣ್ಣ. ಒಳಗೆ ಮಂಜುಳಾ ಬಟ್ಟೆ ಮಡಿಸುತ್ತಿದ್ದರು. ನಮ್ಮನ್ನು ಕಂಡು ಎದ್ದು ನಿಂತರು. ಕುಳಿತುಕೊಳ್ಳಿ ಎನ್ನುವುದನ್ನೂ ಮರೆತಿದ್ದರು. ಶಿವಣ್ಣ ನನ್ನ ಕಡೆ ತಿರುಗಿ, “ಡಿಪೋಗೆ ಓಗಿ ಕೇಳ್ಕಂಬಂದವ್ಳೆ ಸಾ, ವಾಪಸ್ ತಗತೀರಾ ಅಂತ. ಆಗಕಿಲ್ಲ ಅಂದ್ರಂತೆ. ಈಗ ಪ್ರೈವೇಟ್ ಬಸ್ಸಿಗೆ ಓಯ್ತೀನಿ ಅಂತ ಕುಂತವ್ಳೆ,” ಎಂದರು. ಅವರ ದನಿಯಲ್ಲಿ ದೂರು ಇರಲಿಲ್ಲ. ಏನು ಮಾಡಬೇಕೆಂದು ತೋಚದವರ ದನಿ ಅದು.

ನಾನು ಪರೀಕ್ಷೆಯ ಮಾತು ಎತ್ತಿದೆ. ಮಂಜುಳಾ ತಲೆ ಅಲ್ಲಾಡಿಸಿದರು. “ಬ್ಯಾಡಿ ಸಾ. ಇನ್ನೊಂದ್ ಸಲ ಆ ರಿಸಲ್ಟು ನೋಡಕಾಗಲ್ಲ. ಕೋರ್ಟಲ್ಲಿ ಎಲ್ರ ಮುಂದೆ ಆಯ್ತಲ್ಲ, ಅಷ್ಟು ಸಾಕು.”

ಆಗ ಸಾಕಮ್ಮ ಮಾತಾಡಿದರು.

“ನಿನ್ತಾವ ಏಳ್ಕಂಡಿರಾದ ನಾನು ಇನ್ನೊಬ್ರ ತಾವ ಏಳಕಾಗಕಿಲ್ಲ ಕಣವ್ವಾ. ಈ ಸಾ ಒಳ್ಳೇರೇ ಇರ್ಬೋದು. ಆದ್ರೂ ಗಂಡಸ್ರು. ನೀನು ಬುಟ್ಟೋದ್ರೆ ನಾನು ಕೇಸ ಬುಡ್ತೀನಿ. ಅದ ಏಳಕೇ ಬಂದಿವ್ನಿ.”

ಅಷ್ಟು ಹೇಳಿ ಅವರು ಹೊಸ್ತಿಲ ಮೇಲೆ ಕುಳಿತುಬಿಟ್ಟರು. ಮಂಜುಳಾ ಒಳಗೆ ಹೋಗಿ ಎಲ್ಲರಿಗೂ ಕಾಫಿ ಮಾಡಿದರು. ಲೋಟ ಕೊಡುವಾಗ ನನ್ನನ್ನು ಕೇಳಿದರು, “ಅರ್ಜಿ ತುಂಬಕೆ ಇನ್ನೂ ಟೈಮ್ ಐತಾ ಸಾ?”

ಹೀಗೆ ಮೂರನೇ ಪರೀಕ್ಷೆಯ ತಯಾರಿ ಶುರುವಾಯಿತು. ನನಗಿದ್ದ ಚಿಂತೆ ಬೇರೆ. ಎರಡು ಸಲ ಫೇಲಾದದ್ದು ಏಕೆ ಎಂದು ಖಚಿತವಾಗಿ ತಿಳಿಯದೆ ಮೂರನೇ ಸಲಕ್ಕೆ ಏನನ್ನು ತಿದ್ದುವುದು? ಕೇಳಿದ ಪ್ರಶ್ನೆಗಳಿಗೆಲ್ಲ ಆಕೆ ಸರಿಯಾಗಿಯೇ ಉತ್ತರಿಸುತ್ತಿದ್ದರು. ಹೊಸ ಸಂಹಿತೆಗಳ ಸೆಕ್ಷನ್‌ಗಳೂ ಬಾಯಿಗೆ ಬರುತ್ತಿದ್ದವು. ಜೀವನಾಂಶದ ಹಳೆಯ ಸೆಕ್ಷನ್ 125 ಈಗ 144 ಎಂದು ನನಗಿಂತ ಬೇಗ ಹೇಳುತ್ತಿದ್ದರು. ಇಷ್ಟು ತಿಳಿದವರು ಹೇಗೆ ಫೇಲಾದರು ಎಂಬುದು ನನಗೆ ದಿನದಿನಕ್ಕೂ ಹೆಚ್ಚು ಗೊಂದಲವಾಗುತ್ತಿತ್ತು.

ಭಾನುವಾರ ಮಧ್ಯಾಹ್ನ ನಮ್ಮ ಮನೆಯಲ್ಲೇ ಪೂರ್ತಿ ಪರೀಕ್ಷೆ ಬರೆಸಲು ನಿರ್ಧರಿಸಿದೆ. ನಾವು ಜೈನರು, ಸೂರ್ಯ ಮುಳುಗುವ ಮೊದಲು ಊಟ ಮುಗಿಯಬೇಕು. ಆದ್ದರಿಂದ ನನ್ನ ಹೆಂಡತಿ ಸುನಂದಾ ಅಡುಗೆಗೆ ಇಳಿಯುವುದರೊಳಗೆ ಪರೀಕ್ಷೆಯೂ ಮುಗಿಯಬೇಕಿತ್ತು. ಹಳೆಯ ಪ್ರಶ್ನೆಗಳನ್ನು ಕಲೆಹಾಕಿ ನೂರು ಪ್ರಶ್ನೆಯ ಪತ್ರಿಕೆ ಮಾಡಿದೆ. ಮೇಜಿನ ಮೇಲೆ ಬೇರ್ ಆ್ಯಕ್ಟ್‌ಗಳನ್ನು ಇಟ್ಟು, ನಾನು ಪಕ್ಕದ ಕುರ್ಚಿಯಲ್ಲಿ ಪೇಪರ್ ಹಿಡಿದು ಕುಳಿತೆ. ಓದುವ ನೆಪ ಮಾತ್ರ. ಕಣ್ಣು ಆಕೆಯ ಕೈಯ ಮೇಲೇ ಇತ್ತು.

ಮೊದಲ ಪ್ರಶ್ನೆ, ಜೀವಿಸುವ ಹಕ್ಕು ಸಂವಿಧಾನದ ಯಾವ ವಿಧಿಯಲ್ಲಿದೆ ಎಂಬುದು. ಕಾನೂನು ಓದದವರೂ ಇಪ್ಪತ್ತೊಂದು ಎನ್ನುತ್ತಾರೆ. ಮಂಜುಳಾ ಪೆನ್ನನ್ನು ಸರಿಯಾದ ವೃತ್ತದ ಮೇಲೆ ಇಟ್ಟರು, ತುಂಬಲಿಲ್ಲ. ಸಂವಿಧಾನದ ಪುಸ್ತಕ ತೆಗೆದು, ಪುಟ ತಿರುವಿ, ವಿಧಿಯನ್ನು ಪೂರ್ತಿ ಓದಿ, ಆಮೇಲೆ ತುಂಬಿದರು. ಎರಡನೆಯದಕ್ಕೂ ಹಾಗೆಯೇ. ಐದನೆಯದಕ್ಕೂ. ನಾನು ತಡೆಯಲಿಲ್ಲ. ಸುನಂದಾ ಅಡುಗೆಮನೆಯಿಂದ ಇಣುಕಿ ಹೋದರು. ಸಮಯ ಮುಗಿದಾಗ ಆಕೆ ನಲವತ್ತೈದರ ಆಸುಪಾಸಿನಲ್ಲೇ ಇದ್ದರು. ಉತ್ತರಿಸಿದ್ದರಲ್ಲಿ ಹೆಚ್ಚಿನವು ಸರಿ. ಉಳಿದದ್ದು ಬಿಳಿ ಹಾಳೆ.

“ಮಂಜುಳಾ, ಮೊದಲನೇ ಪ್ರಶ್ನೆಗೆ ಉತ್ತರ ಗೊತ್ತಿರಲಿಲ್ಲವಾ?”

“ಗೊತ್ತಿತ್ತು ಸಾ.”

“ಮತ್ತೆ ಪುಸ್ತಕ ಯಾಕೆ ತೆಗೆದೆ?”

“ಒಂದ್ ಸಲ ನೋಡ್ಬುಡಾನ ಅಂತ.”

“ಹಾಲ್‌ನಲ್ಲೂ ಹೀಗೇ ಮಾಡಿದೆಯಾ?”

ಆಕೆ ಪೆನ್ನಿನ ಮುಚ್ಚಳ ಹಾಕಿ ಮೇಜಿನ ಮೇಲಿಟ್ಟರು. ಆಮೇಲೆ, ನಿಧಾನವಾಗಿ, ಕಂಡಕ್ಟರ್ ಕೆಲಸದ ಮೊದಲ ವರ್ಷದ ಒಂದು ಸಂಗತಿ ಹೇಳಿದರು. ತುಂಬಿದ ಬಸ್ಸು. ಎಲ್ಲರಿಗೂ ಟಿಕೆಟ್ ಕೊಟ್ಟಿದ್ದೇನೆ ಎಂದು ಖಾತ್ರಿ ಇತ್ತಂತೆ. ದಾರಿಯಲ್ಲಿ ತಪಾಸಣೆಯವರು ಹತ್ತಿದರು. ಹಿಂದಿನ ಸೀಟಿನಲ್ಲಿ ನಿದ್ದೆ ಮಾಡುತ್ತಿದ್ದ ಒಬ್ಬನ ಬಳಿ ಟಿಕೆಟ್ ಇರಲಿಲ್ಲ. ಪ್ರಯಾಣಿಕರೆಲ್ಲರ ಎದುರು ಆಕೆಯ ಚೀಲ ಬಿಡಿಸಿ ನೋಡಿದರು. ಮೆಮೊ ಬಂತು, ವಿಚಾರಣೆ ನಡೆಯಿತು, ಕೊನೆಗೆ ಏನೂ ಆಗಲಿಲ್ಲ.

“ಆವತ್ತಿಂದ ನಂಗೆ ಗೊತ್ತು ಅನ್ನಿಸ್ತಲ್ಲ ಸಾ, ಆಗ್ಲೇ ಬಯ ಆಯ್ತದೆ. ಗೊತ್ತಿಲ್ದೆ ಇದ್ರೆ ಅಷ್ಟು ಬಯ ಇಲ್ಲ. ಗೊತ್ತು ಅನ್ಕಂಡಾಗ್ಲೇ ಎಲ್ಲೋ ಒಬ್ಬ ಬುಟ್ಟೋಗವ್ನೆ ಅನ್ನಿಸ್ತದೆ.”

ಪುಸ್ತಕ ಒಯ್ಯಬಹುದಾದ ಪರೀಕ್ಷೆ ಇಂಥವರಿಗೆ ಹೇಗೆ ಬಲೆಯಾಗುತ್ತದೆ ಎಂಬುದು ನನಗೆ ಆಗ ಅರ್ಥವಾಯಿತು. ಪುಸ್ತಕವಿಲ್ಲದಿದ್ದರೆ ಆಕೆ ವಿಧಿಯಿಲ್ಲದೆ ಉತ್ತರಿಸಿ ಮುಂದೆ ಹೋಗುತ್ತಿದ್ದರು. ಪುಸ್ತಕವಿದ್ದದ್ದರಿಂದ ಪ್ರತಿ ಉತ್ತರವನ್ನೂ ಸಾಬೀತು ಮಾಡಿಕೊಳ್ಳುತ್ತಾ ಕುಳಿತರು. ಇಂಗ್ಲಿಷ್, ಕನ್ನಡ, ಹೊಸ ಕಾನೂನು, ಎಲ್ಲ ಸೇರಿ ಕಷ್ಟವನ್ನು ಒಂದಿಷ್ಟು ಹೆಚ್ಚಿಸಿದ್ದವು, ಅಷ್ಟೇ.

ಮುಂದಿನ ಭಾನುವಾರದಿಂದ ಪುಸ್ತಕಗಳನ್ನು ಸುನಂದಾ ಎತ್ತಿ ಒಳಗಿನ ಕೋಣೆಯಲ್ಲಿ ಇಟ್ಟರು. ನಿಯಮ ಸರಳ. ಮೊದಲು ಕೊನೆಯ ಪ್ರಶ್ನೆಯವರೆಗೆ ಹೋಗಿಬಿಡುವುದು. ಗೊತ್ತಿದ್ದದ್ದನ್ನು ತುಂಬಿ, ಅನುಮಾನವಿದ್ದದ್ದಕ್ಕೆ ಪ್ರಶ್ನೆಪತ್ರಿಕೆಯಲ್ಲಿ ಗುರುತು ಹಾಕುವುದು. ಎರಡನೇ ಸುತ್ತಿನಲ್ಲಿ ಮಾತ್ರ ಪುಸ್ತಕ. ಹೇಳಲು ಸುಲಭ. ಮೊದಲ ದಿನ ಅರ್ಧದಲ್ಲಿ ಪೆನ್ನು ಇಟ್ಟು, “ಆಗಲ್ಲ ಸಾ, ಎದೆ ಹೊಡ್ಕತದೆ,” ಎಂದು ಎದ್ದು ಅಂಗಳಕ್ಕೆ ಹೋದರು. ಸುನಂದಾ ಅವರ ಹಿಂದೆ ಹೋಗಿ ಏನು ಮಾತಾಡಿದರೋ ತಿಳಿಯದು. ಸ್ವಲ್ಪ ಹೊತ್ತಿನ ಮೇಲೆ ಇಬ್ಬರೂ ಒಳಗೆ ಬಂದರು. ಆ ದಿನ ಎಪ್ಪತ್ತನೇ ಪ್ರಶ್ನೆ ದಾಟಲಿಲ್ಲ. ಮಳೆಗಾಲವೆಲ್ಲ ಹೀಗೇ ಕಳೆಯಿತು. ದಸರಾ ಮುಗಿಯುವ ಹೊತ್ತಿಗೆ ಕೊನೆಯ ಪ್ರಶ್ನೆ ಮುಟ್ಟಲು ಕಲಿತಿದ್ದರು. ಆದರೂ ಕೆಲವು ದಿನ ಹಳೆಯ ಚಾಳಿ ಮರುಕಳಿಸುತ್ತಿತ್ತು. ಖಾಲಿ ಮೇಜಿನ ಮೇಲೆ ಎಡಗೈ ತಾನಾಗಿ ಪುಸ್ತಕ ಹುಡುಕುತ್ತಿತ್ತು.

ಪರೀಕ್ಷಾ ಕೇಂದ್ರ ಬೆಂಗಳೂರಿನಲ್ಲಿ. ನಾಲೆಗೆ ನೀರು ಬಿಟ್ಟಿದ್ದರಿಂದ ಶಿವಣ್ಣನಿಗೆ ರಜೆ ಸಿಗಲಿಲ್ಲ. ನಾನೇ ಜೊತೆಗೆ ಹೊರಟೆ. ನಸುಕಿನ ಬಸ್ಸು. ಶಾಂತಿಗ್ರಾಮದ ಹತ್ತಿರ ಮಂಜು ಕವಿದು ಡ್ರೈವರ್ ನಿಧಾನ ಮಾಡಿದಾಗ ಮಂಜುಳಾ ವಾಚು ನೋಡಿಕೊಂಡರು. ಚನ್ನರಾಯಪಟ್ಟಣದಲ್ಲಿ ಕಾಫಿಗೆ ನಿಲ್ಲಿಸಿದಾಗ ಇಳಿಯಲಿಲ್ಲ. ಬೆಂಗಳೂರು ಮುಟ್ಟುವ ಮೊದಲೇ ಲಾರಿಗಳ ಸಾಲಿನಲ್ಲಿ ಬಸ್ಸು ನಿಂತುಬಿಟ್ಟಿತು. ಗೇಟು ಹಾಕಿದ ಮೇಲೆ ಯಾರನ್ನೂ ಒಳಗೆ ಬಿಡುವುದಿಲ್ಲ ಎಂದು ಹಾಲ್ ಟಿಕೆಟ್ಟಿನಲ್ಲಿ ಅಚ್ಚಾಗಿತ್ತು. ಇಬ್ಬರೂ ಬಸ್ಸಿನಿಂದ ಇಳಿದು, ಒಂದು ಆಟೊ ಹಿಡಿದು, ಅಡ್ಡರಸ್ತೆಗಳಲ್ಲಿ ಸುತ್ತಿ ಕೇಂದ್ರ ತಲುಪಿದಾಗ ಸರದಿಯ ಕೊನೆಯಲ್ಲಿ ಕೆಲವರಷ್ಟೇ ಉಳಿದಿದ್ದರು.

ಮಂಜುಳಾ ಒಳಗೆ ಹೋದರು. ಆದರೆ ಐದು ನಿಮಿಷದಲ್ಲೇ ಗೇಟಿನ ಕಂಬಿಗಳ ಹಿಂದೆ ಮತ್ತೆ ಅವರ ಮುಖ ಕಂಡಿತು. ಕೈಯಲ್ಲಿ ಹೊಸ ಕ್ರಿಮಿನಲ್ ಕಾನೂನುಗಳಲ್ಲೊಂದಾದ ನಾಗರಿಕ ಸುರಕ್ಷಾ ಸಂಹಿತೆಯ ಪುಸ್ತಕ. ಹಳೆಯ ಪ್ರತಿ ಹಾಳೆ ಕಿತ್ತುಹೋಗಿತ್ತೆಂದು ಶಿವಣ್ಣ ಹಿಂದಿನ ವಾರವಷ್ಟೇ ಹೊಸದು ತಂದುಕೊಟ್ಟಿದ್ದರು. ಅದರಲ್ಲಿ ಪ್ರತಿ ಸೆಕ್ಷನ್ನಿನ ಕೆಳಗೂ ಹಳೆಯ ಕಾನೂನಿನ ಹೋಲಿಕೆ, ವಿವರಣೆ ಅಚ್ಚಾಗಿತ್ತು. ಅಂಥ ಪುಸ್ತಕ ಒಳಗೆ ಒಯ್ಯುವಂತಿಲ್ಲ. ತಪಾಸಣೆಯವರು ನಿಯಮದಂತೆಯೇ ತಡೆದಿದ್ದರು.

“ಇದ ಬುಡಲ್ವಂತೆ ಸಾ,” ಎಂದು ಕಂಬಿಯ ಸಂದಿಯಿಂದ ಪುಸ್ತಕ ಚಾಚಿದರು. ನೂರರಲ್ಲಿ ಒಂದು ದೊಡ್ಡ ಪಾಲು ಆ ಪುಸ್ತಕದ್ದೇ.

ನಾನು ಪುಸ್ತಕ ತೆಗೆದುಕೊಂಡೆ. “ಹೋಗು, ಬಾಗಿಲು ಹಾಕ್ತಾರೆ,” ಎಂದೆ. ಆಕೆ ತಿರುಗಿ ಓಡಿದರು.

ಎದುರಿನ ಅಂಗಡಿಯ ಕಟ್ಟೆಯ ಮೇಲೆ ಆ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತೆ. ನನ್ನ ವೃತ್ತಿಯಲ್ಲಿ ಅನೇಕ ತೀರ್ಪುಗಳಿಗಾಗಿ ಕಾದಿದ್ದೇನೆ; ಇಷ್ಟು ಅಶಾಂತನಾಗಿ ಕಾದದ್ದು ನೆನಪಿಲ್ಲ. ಸುಮ್ಮನೆ ಯಾವುದೋ ಪುಟ ತೆರೆಯುವುದು, ಈ ಪ್ರಶ್ನೆ ಬಂದಿದ್ದರೆ ಎಂದುಕೊಳ್ಳುವುದು, ಮುಚ್ಚುವುದು. ಶಿವಣ್ಣ ಎರಡು ಸಲ ಫೋನು ಮಾಡಿದರು. ಪುಸ್ತಕದ ಸಂಗತಿ ನಾನು ಹೇಳಲಿಲ್ಲ.

ಗುಂಪಿನಲ್ಲಿ ಮಂಜುಳಾ ಹೊರಗೆ ಬಂದರು. ಅವರೇ ಹೇಳಿದರು. “ಎಲ್ಲಾ ತುಂಬಿದೀನಿ ಸಾ. ಒಂದೂ ಬುಟ್ಟಿಲ್ಲ.” ಸ್ವಲ್ಪ ದೂರ ನಡೆದ ಮೇಲೆ ಸೇರಿಸಿದರು, “ಸರೀನೋ ತಪ್ಪೋ, ತಿರುಗಿ ನೋಡ್ನಿಲ್ಲ.”

ಫಲಿತಾಂಶ ಬರುವ ಮೊದಲೇ ಸಾಕಮ್ಮನ ಪಾಟೀಸವಾಲಿನ ದಿನ ಬಂತು. ಅದುವರೆಗೆ ನಾನು ಪಡೆದಿದ್ದ ಮುಂದೂಡಿಕೆಗಳು ಸಾಕಷ್ಟಾಗಿದ್ದವು. ಕೋರ್ಟು ಇನ್ನು ಸಮಯ ಕೊಡುವುದಿಲ್ಲ ಎಂದಿತು. ಮಂಜುಳಾ ಕೋಟು ಹಾಕದೆ, ಸಾಧಾರಣ ಸೀರೆಯಲ್ಲಿ, ಸಾರ್ವಜನಿಕರ ಬೆಂಚಿನಲ್ಲಿ ಕುಳಿತರು.

ಅರ್ಜಿಯಲ್ಲಿ ಒಂದು ಸಾಲಿತ್ತು: ಗಂಡ ತನ್ನನ್ನು ಬ್ಯಾರನ್‌ನಲ್ಲಿ ಕೂಡಿಹಾಕಿದ್ದ ಎಂದು. ಬ್ಯಾರನ್ ಎಂದರೆ ಹೊಗೆಸೊಪ್ಪನ್ನು ಬಿಸಿಗಾಳಿಯಲ್ಲಿ ಹದ ಮಾಡುವ ಎತ್ತರದ ಕಟ್ಟಡ. ಎದುರು ವಕೀಲರು ಅದನ್ನೇ ಹಿಡಿದರು. ಹಾಗೆ ಕೂಡಿಹಾಕಿದ್ದರೆ ಆಸ್ಪತ್ರೆಗೆ ಏಕೆ ಹೋಗಲಿಲ್ಲ? ಕೂಲಿಯವರು ಬಾಗಿಲು ತೆಗೆದಾಗ ಅವರಿಗೆ ಒಂದು ಮಾತೂ ಏಕೆ ಹೇಳಲಿಲ್ಲ? ತವರಿಗೂ ಏಕೆ ತಿಳಿಸಲಿಲ್ಲ? ಸಾಕಮ್ಮ ಕಟಕಟೆಯ ಕಂಬಿ ಹಿಡಿದು ಹಿಂದಿನ ಬೆಂಚಿನ ಕಡೆ ನೋಡಿದರು. ಮಂಜುಳಾಗೆ ಎದ್ದು ನಿಲ್ಲುವ ಹಕ್ಕಿರಲಿಲ್ಲ. ‘ಸಾಕ್ಷಿ ಉತ್ತರಿಸುವುದಿಲ್ಲ’ ಎಂದು ದಾಖಲಾಯಿತು. ಮರುವಿಚಾರಣೆಯಲ್ಲಿ ನಾನು ಅದೇ ಪ್ರಶ್ನೆಯನ್ನು ಮೆತ್ತಗೆ ಕೇಳಿದೆ. ನನಗೂ ಅವರು ಉತ್ತರಿಸಲಿಲ್ಲ. ಅವರು ಗುಟ್ಟಾಗಿ ಹೇಳಿಕೊಂಡದ್ದನ್ನು ಮಂಜುಳಾ ನನಗೂ ತಿಳಿಸಿರಲಿಲ್ಲ. ಪ್ರಕರಣ ಕೈಜಾರುತ್ತಿದೆ ಎಂದು ಅಲ್ಲಿದ್ದವರಿಗೆಲ್ಲ ತಿಳಿಯಿತು. ಕೋರ್ಟಿನ ಹೊರಗೆ ಮಂಜುಳಾ ನನಗೆ ಹೇಳಿದ್ದು ಒಂದೇ ಮಾತು: “ನಾನು ಕಳ್ದ್ ಸಲಾನೇ ಪಾಸಾಗಿದ್ರೆ ಇಂಗಾಯ್ತಿರಲಿಲ್ಲ ಸಾ.”

ಫಲಿತಾಂಶ ಬಂದದ್ದು ಹೊಸ ವರ್ಷದಲ್ಲಿ. ಆಫೀಸಿನ ಕಂಪ್ಯೂಟರಿನಲ್ಲಿ ಪುಟ ತೆರೆದುಕೊಳ್ಳದೆ ಸುತ್ತುತ್ತಲೇ ಇತ್ತು. ಆಕೆ ಪರದೆಗೆ ಬೆನ್ನು ಮಾಡಿ, ಕಿಟಕಿಯ ಹೊರಗೆ ನೋಡುತ್ತಾ ನಿಂತಿದ್ದರು. ಕೊನೆಗೂ ಹೆಸರು, ನೋಂದಣಿ ಸಂಖ್ಯೆ, ಅದರ ಮುಂದೆ ಪಾಸು ಎಂದು ಕಂಡಿತು. ದೊಡ್ಡ ಅಂಕವೇನಲ್ಲ, ಗಡಿ ದಾಟಿ ಸ್ವಲ್ಪ ಮೇಲೆ. ನಾನು ಓದಿ ಹೇಳಿದೆ. ಆಕೆ ತಿರುಗಿ ಬಂದು, ಪರದೆ ನೋಡಿ, ಇನ್ನೊಮ್ಮೆ ನೋಡಿ, ಕುರ್ಚಿಯಲ್ಲಿ ಕುಳಿತು ಸೆರಗಿನಿಂದ ಮುಖ ಮುಚ್ಚಿಕೊಂಡರು. ಆಮೇಲೆ ಶಿವಣ್ಣನಿಗೆ ಫೋನು ಮಾಡಿದರು. ಅದಾದ ಮೇಲೆ ಮಾಡಿದ ಮೊದಲ ಕೆಲಸ, ಹೊಸ ಹಾಳೆ ತೆಗೆದು ಸಾಕಮ್ಮನ ಪ್ರಕರಣದಲ್ಲಿ ಅರ್ಜಿ ಬರೆಯತೊಡಗಿದ್ದು.

ಅರ್ಜಿಯಲ್ಲಿ ಎರಡು ಕೋರಿಕೆ. ಸಾಕ್ಷಿಯನ್ನು ಮತ್ತೆ ಕರೆಸಿ ವಿಚಾರಿಸಲು ಅವಕಾಶ ಕೊಡಬೇಕು. ಆ ವಿಚಾರಣೆ ಮುಚ್ಚಿದ ಬಾಗಿಲ ಹಿಂದೆ ನಡೆಯಬೇಕು. ಎರಡಕ್ಕೂ ಕಾನೂನಿನಲ್ಲಿ ಅವಕಾಶವಿದೆ. ಎದುರು ಪಕ್ಷ ಬಲವಾಗಿ ಆಕ್ಷೇಪಿಸಿತು. ವಾದಿಸಿದ್ದು ಮಂಜುಳಾ. ಅವರಿಗೆ ಈಗ ಪ್ರಮಾಣಪತ್ರ ಬಂದಿತ್ತು. ಅವರು ನಿಂತಿರುವುದನ್ನು ಯಾರೂ ಪ್ರಶ್ನಿಸಲಿಲ್ಲ. ಮ್ಯಾಜಿಸ್ಟ್ರೇಟರು ಎರಡನ್ನೂ ಒಪ್ಪಿದರು.

ಆ ದಿನ ಸಾರ್ವಜನಿಕರೆಲ್ಲ ಹೊರಗೆ ಬಂದರು. ವಕಾಲತ್ತಿನಲ್ಲಿ ನನ್ನ ಹೆಸರಿದ್ದದ್ದರಿಂದ ನಾನು ಒಳಗಿರಬಹುದಿತ್ತು. ಒಳಗೆ ಒಬ್ಬ ಗಂಡಸಾದರೂ ಕಡಿಮೆಯಾಗಲಿ ಎಂದು ಹೊರಗೇ ಉಳಿದೆ. ಬಾಗಿಲು ಮುಚ್ಚಿತು. ಕಾರಿಡಾರಿನಲ್ಲಿ ಅಡ್ಡಾಡುತ್ತಾ ಇದ್ದೆ. ಒಳಗಿನ ಮಾತು ಕೇಳುತ್ತಿರಲಿಲ್ಲ. ಮೌನ ಬಹಳ ಹೊತ್ತಾದರೆ ಮತ್ತೆ ಉತ್ತರಿಸುತ್ತಿಲ್ಲವೇನೋ ಎಂದು ದಿಗಿಲು.

ಒಳಗೆ ನಡೆದದ್ದನ್ನು ಆಮೇಲೆ ಸಾಕ್ಷ್ಯದ ನಕಲಿನಲ್ಲಿ ಓದಿದೆ. ಒಲೆ ಉರಿಯುತ್ತಿದ್ದ ಬ್ಯಾರನ್ನಿನೊಳಗೆ ತಳ್ಳಿ ಗಂಡ ಹೊರಗಿನಿಂದ ಅಗುಳಿ ಹಾಕಿದ್ದ. ಸೆಕೆ ತಡೆಯಲಾರದೆ ಆಕೆ ಉಟ್ಟ ಸೀರೆಯನ್ನೂ ತೆಗೆದುಹಾಕಿ, ಬಾಗಿಲ ಕೆಳಗಿನ ಸಂದಿಗೆ ಬಾಯಿಟ್ಟು ಉಸಿರಾಡುತ್ತಾ ಬಿದ್ದಿದ್ದರು. ಕೂಲಿಯ ಗಂಡಸರು ಬಾಗಿಲು ತೆಗೆದಾಗ ಹಾಗೆಯೇ ಇದ್ದರು. ಆಸ್ಪತ್ರೆಗೆ ಹೋಗದಿದ್ದದ್ದು, ಯಾರಿಗೂ ಹೇಳದಿದ್ದದ್ದು ಆ ನಾಚಿಕೆಯಿಂದ. ಬಾಗಿಲು ತೆಗೆದ ಕೂಲಿಯವನ ಹೆಸರನ್ನೂ ಹೇಳಿದ್ದರು. ಅವನನ್ನು ಕರೆಸಿದಾಗ ಅವನು ತಲೆ ತಗ್ಗಿಸಿ, ಹೌದು ಎಂದ.

ಬಾಗಿಲು ತೆರೆದಾಗ ಮೊದಲು ಹೊರಗೆ ಬಂದವರು ಸಾಕಮ್ಮ. ನನ್ನನ್ನು ನೋಡಿ, “ಏಳ್ದೆ ಸಾ,” ಎಂದರು. ಬೆಂಚಿನ ಮೇಲೆ ಕುಳಿತು ನೀರು ಕೇಳಿದರು.

ರಕ್ಷಣೆಯ ಆದೇಶವೂ, ಮನೆಯಲ್ಲಿ ವಾಸಿಸುವ ಹಕ್ಕೂ, ಜೀವನಾಂಶವೂ ಅವರಿಗೆ ಸಿಕ್ಕವು. ಗಂಡ ಮೇಲ್ಮನವಿ ಹಾಕಿದ್ದಾನೆ. ಅದು ಹಾಸನದಲ್ಲಿ ನಡೆಯುತ್ತಿದೆ. ಅಲ್ಲಿಯೂ ಮಂಜುಳಾ ಅವರೇ ವಕೀಲರು.

ಅರ್ಹತೆಯಿಲ್ಲದವರು ಬಡವರ ಪ್ರಕರಣ ಹಿಡಿದು ಕೆಡಿಸಬಾರದೆಂದೇ ಈ ಪರೀಕ್ಷೆ ಇದೆ. ಅದು ಇರಬೇಕು ಎಂದೇ ನಾನು ಈಗಲೂ ಹೇಳುತ್ತೇನೆ. ಆದರೆ ಫೇಲಾದವರು ಬಂದಾಗ ‘ಇನ್ನೂ ಚೆನ್ನಾಗಿ ಓದು’ ಎಂದು ಕಳಿಸಿಬಿಡುವುದನ್ನು ಬಿಟ್ಟಿದ್ದೇನೆ. ಮೊದಲು ಪಕ್ಕದಲ್ಲಿ ಕೂರಿಸಿಕೊಂಡು ಬರೆಸುತ್ತೇನೆ, ಕೈ ಎಲ್ಲಿ ನಿಲ್ಲುತ್ತದೆ ನೋಡುತ್ತೇನೆ. ಹಾಳೆಯಲ್ಲಿ ಖಾಲಿ ಉಳಿದ ಜಾಗಕ್ಕೂ ಕಟಕಟೆಯಲ್ಲಿ ಸುಮ್ಮನಾದ ಸಾಕ್ಷಿಗೂ ‘ಗೊತ್ತಿಲ್ಲ’ ಎಂಬ ಒಂದೇ ಅರ್ಥ ಹಚ್ಚುವುದು ನಮಗೆ ಸುಲಭ. ಗೊತ್ತಿದ್ದೂ ಹೇಳಲಾಗದವರು ಇರುತ್ತಾರೆ. ಅವರಿಗೆ ಏನು ಅಡ್ಡ ಬಂದಿದೆ ಎಂದು ಕಂಡುಹಿಡಿಯುವುದೇ ವಕೀಲನ ಕೆಲಸದ ದೊಡ್ಡ ಪಾಲು ಎಂಬುದನ್ನು ನಾನು ಕಲಿತದ್ದು ಆ ಒಂದು ವರ್ಷದಲ್ಲಿ.